ಪರದೇಶದ ಜೇಡ, ನಮ್ಮವರ ವೈನ್

ಇವತ್ತು ಬೆಳಿಗ್ಗೆ ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ದ್ರಾಕ್ಷಿ, ಲವಂಗ, ಹುದುಗು ಬಂದ ಗೋಧಿ ಎಲ್ಲ ಕೂಡಿದ ವಾಸನೆ ಎದ್ದು ಮುಖಕ್ಕೆ ಬಡಿಯಿತು. ನಿಮ್ಮ ಮನೆಯಲ್ಲಿ ವೈನ್ ಮಾಡುವ ರೂಢಿ ಇಲ್ಲದಿದ್ದರೆ, ದೋಸೆ ಹಿಟ್ಟು ಚೆನ್ನಾಗಿ ಹುಳಿ ಬಂದ ದಿನ ಮುಚ್ಚಳ ತೆಗೆದದ್ದನ್ನು ನೆನಪು ಮಾಡಿಕೊಳ್ಳಿ. ಅದಕ್ಕೆ ಸ್ವಲ್ಪ ಹಬ್ಬ ಸೇರಿಸಿದರೆ ಈ ವಾಸನೆ. ಜೆಪ್ಪುವಿನ ನಮ್ಮ ಮನೆಯಲ್ಲಿ ಈ ಬಟ್ಟೆ ಬಿಚ್ಚುತ್ತಿದ್ದವರು ನಮ್ಮವರು. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಹಾಗಾಗಿ ಈ ಸಲ ನಾನು. ಬಿಚ್ಚಿದವಳು ಮೊದಲು ಮಾಡಿದ್ದೇನು ಗೊತ್ತೇ? ಒಳಗೆ ಜೇಡ ಇದೆಯೋ ಎಂದು ಬಗ್ಗಿ ನೋಡಿದೆ. ಆಮೇಲೆ ಒಬ್ಬಳೇ ನಕ್ಕೆ.

ನಗುವಿಗೆ ಕಾರಣ ಹೇಳಬೇಕಾದರೆ ನಮ್ಮವರ ಪರಿಚಯ ಆಗಬೇಕು. ಹೆಸರು ವಲೇರಿಯನ್. ಕುವೈಟಿನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಮಗಳು ಶರಲ್ ಹುಟ್ಟಿದಾಗ ಅವರು ಅಲ್ಲಿ. ಅವಳ ಮೊದಲ ಪರಮಪ್ರಸಾದದ ದಿನವೂ ಅಲ್ಲಿ. ಕೊನೆಗೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದಾಗ, ಅವಳು ಸ್ಕೂಟರಿನಲ್ಲಿ ಉರ್ವದ ಶಾಲೆಗೆ ಪಾಠ ಮಾಡಲು ಹೋಗುವಷ್ಟು ದೊಡ್ಡವಳಾಗಿದ್ದಳು. ತಂದೆ ಮಗಳು ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದರು, ಬ್ಯಾಂಕಿನಲ್ಲಿ ಮಾತಾಡಿದ ಹಾಗೆ.

ಅವಳ ಮದುವೆ ನಿಶ್ಚಯವಾದ ವಾರ ಇವರು ಊಟದ ಮಧ್ಯೆ ಹೇಳಿದರು, “ಸಭೆಯವರು ಗ್ಲಾಸು ಎತ್ತುವ ಟೋಸ್ಟಿನ ವೈನ್ ನಾನೇ ಮಾಡ್ತೇನೆ.”

“ನಿಮಗೆ ಚಾ ಮಾಡ್ಲಿಕ್ಕೆ ಬರುದಿಲ್ಲ,” ಎಂದೆ.

“ಹಣ ಕಳಿಸಿದ್ದು ಬಿಟ್ಟು ಅವಳಿಗೆ ನನ್ನ ಕೈಯಾರೆ ಎಂತ ಮಾಡಿದ್ದೇನೆ ಹೇಳು? ಒಂದು ಜಡೆ ಹಾಕಿದ್ದಿಲ್ಲ.”

ನಾನು ಅವರ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದೆ.

ನಮ್ಮಲ್ಲಿ ಮನೆ ವೈನಿಗೆ ಊರಿನ ಕಪ್ಪು ದ್ರಾಕ್ಷಿ ಸಾಕು. ಸಿಪ್ಪೆ ದಪ್ಪ, ಬೀಜ ದೊಡ್ಡದು, ಕೈಗೆ ಹಿಡಿದ ಬಣ್ಣ ಭಾನುವಾರದ ಪೂಜೆಯ ಹೊತ್ತಿಗೂ ಬಿಡುವುದಿಲ್ಲ. ಇವರಿಗೆ ಅದು ಸಾಲಲಿಲ್ಲ. ಬಂದರಿನ ಹಮೀದ್ ಸಾಹೇಬರ ಗೋದಾಮಿನಿಂದ ಹಡಗಿನಲ್ಲಿ ಬಂದ ದ್ರಾಕ್ಷಿಯನ್ನೇ ತಂದರು. ಪೆಟ್ಟಿಗೆಯ ಮೇಲೆ ನಮಗೆ ಓದಲು ಬಾರದ ಭಾಷೆ. ಒಂದೊಂದು ಹಣ್ಣೂ ಗೋಲಿಯಷ್ಟು. ಎರಡು ದಿನ ಇಡೀ ಮನೆಯವರು ತೊಳೆದು, ಒರೆಸಿ, ಹಿಸುಕಿ ಭರಣಿ ತುಂಬಿಸಿದೆವು. ಖಾಲಿ ಪೆಟ್ಟಿಗೆಗಳನ್ನು ಜಗಲಿಯಲ್ಲಿ ಒಟ್ಟಿದೆವು.

ಮೂರನೆಯ ದಿನ ಆ ಪೆಟ್ಟಿಗೆಗಳನ್ನು ಎತ್ತಲು ಹೋದ ನಮ್ಮವರು ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿಯೂ ಕೂಗಿತು. ಓಡಿ ಹೋಗಿ ನೋಡಿದರೆ ಕುರ್ಚಿಯ ಮೇಲೆ ನಿಂತಿದ್ದಾರೆ. ಪೆಟ್ಟಿಗೆಯ ಅಂಚಿನಲ್ಲಿ ಅಂಗೈಯಷ್ಟಗಲದ ಕಂದು ಜೇಡ. ಹೊಟ್ಟೆಯ ಅಡಿಗೆ ಬಿಳಿ ಬಿಲ್ಲೆಯಂಥದ್ದೊಂದನ್ನು ಅವುಚಿಕೊಂಡಿತ್ತು. ಇಷ್ಟು ವರ್ಷ ಮರುಭೂಮಿಯಲ್ಲಿ ಚೇಳು ಕಂಡವರು, ಜೇಡಕ್ಕೆ ಮಾತ್ರ ಹೀಗೆ. ನಾನು ಉಪ್ಪಿನಕಾಯಿಯ ಖಾಲಿ ಬಾಟಲಿ ಕವುಚಿ ಹಿಡಿದೆ. ಅವರು ಕುರ್ಚಿಯಿಂದಲೇ ಫೋಟೋ ತೆಗೆದು ನಮ್ಮ ಇಗರ್ಜಿಯ ವಾರ್ಡಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಲಸ ಕೆಟ್ಟದ್ದು ಅಲ್ಲಿ.

ಚಾ ಕುದಿಯುವುದರೊಳಗೆ ಜೇಡಕ್ಕೆ ಊರು, ಕುಲ, ಗೋತ್ರ ಎಲ್ಲ ಸಿಕ್ಕಿತು. ಯಾವುದೋ ದೇಶದಲ್ಲಿ ಬಾಳೆಹಣ್ಣಿನ ಜೊತೆ ಬಂದದ್ದು ಇದೇ ಅಂತೆ. ಒಂದು ಸಂಸಾರ ಮನೆಯನ್ನೇ ಬಿಟ್ಟು ಓಡಿತಂತೆ. ಆ ಬಿಳಿ ಬಿಲ್ಲೆ ವಿಷದ ಚೀಲ. ಇದಕ್ಕೆ ಮದ್ದಿಲ್ಲ. ಒಬ್ಬರು ಕೈಮುಗಿದ ಚಿತ್ರ ಹಾಕಿದರು, ನಾವು ಆಗಲೇ ಹೋಗಿಯಾಯಿತು ಎಂಬ ಹಾಗೆ. ಸಂಜೆಗೆ ಹುಡುಗನ ತಾಯಿ ಬಿಯಾತ್ರಿಸ್ ಬಾಯಿಯ ಫೋನು. “ಬೇಜಾರು ಮಾಡ್ಬೇಡಿ ಆಯ್ತಾ. ಆ ವೈನ್ ಮಾತ್ರ ಟೋಸ್ಟಿಗೆ ಬೇಡ. ನಮ್ಮ ಕಡೆಯವರು ಯಾರೂ ಮುಟ್ಲಿಕ್ಕಿಲ್ಲ. ಅಂಗಡಿಯದ್ದು ತನ್ನಿ.”

ನಮ್ಮವರು ಫೋನು ಕೆಳಗಿಟ್ಟರು. ಭರಣಿಯ ಹತ್ತಿರ ಹೋಗಿ ಕುಳಿತರು. ಅವರ ಬೆರಳುಗಳಲ್ಲಿ ದ್ರಾಕ್ಷಿಯ ಬಣ್ಣ ಇನ್ನೂ ಹೋಗಿರಲಿಲ್ಲ.

ಮರುದಿನ ಜೇಡದ ಬಾಟಲಿಯನ್ನು ಕರವಸ್ತ್ರದಲ್ಲಿ ಸುತ್ತಿ ಹೊರಟೆವು. ಬಾಟಲಿ ನನ್ನ ಮಡಿಲಲ್ಲಿ, ರಿಕ್ಷಾದ ಇನ್ನೊಂದು ತುದಿಯಲ್ಲಿ ಅವರು. ಮೊದಲು ಬಂದರಿಗೆ. ಹಮೀದ್ ಸಾಹೇಬರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ನಮ್ಮ ಕ್ರೈಸ್ತ ಗಂಡಸರನ್ನು ಅವರು ಕರೆಯುವುದೇ ಪೊರ್ಬುಗಳೆಂದು. “ಎಂತ ಪೊರ್ಬುಗಳೇ, ನನ್ನ ದ್ರಾಕ್ಷಿ ಐಸಿನಂಥ ಕಂಟೇನರಿನಲ್ಲಿ ವಾರಗಟ್ಟಲೆ ಕೂತು ಬಂದದ್ದು. ಈ ಜೇಡ ಸ್ವೆಟರ್ ಹಾಕಿಕೊಂಡು ಬಂದದ್ದಾ?”

“ಹಾಗಾದರೆ ಇದು ಎಲ್ಲಿಯದ್ದು ಸಾಹೇಬ್ರೇ?”

“ನನಗೆಂತ ಗೊತ್ತು? ಪಾಸ್‌ಪೋರ್ಟ್ ಕೇಳಿ ನೋಡಿ.”

ಅಲ್ಲಿಂದ ಬೀಗರ ಮನೆಗೆ. ಬೇಡಿಕೊಳ್ಳುವುದೆಂದು ನಮ್ಮವರು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದರು. ಸೋಫಾದಲ್ಲಿ ಕುಳಿತು ಆ ಮಾತಿನ ಮೊದಲನೆಯ ವಾಕ್ಯ ಮುಗಿಸುವಷ್ಟರಲ್ಲಿ, ಎದುರು ಗೋಡೆಯ ಗಡಿಯಾರದ ಹಿಂದಿನಿಂದ ಒಂದು ಜೇಡ ಹೊರಟಿತು. ಅಂಗೈಯಗಲ. ಕಂದು. ಹೊಟ್ಟೆಯಡಿಗೆ ಬಿಳಿ ಬಿಲ್ಲೆ. ನಮ್ಮವರು ಎರಡೂ ಕಾಲು ಎತ್ತಿ ಸೋಫಾದ ಮೇಲೆ ಇಟ್ಟರು.

“ಹೆದರ್ಬೇಡಿ ಮಾರಾಯ್ರೆ,” ಬಿಯಾತ್ರಿಸ್ ಬಾಯಿ ಬಿಸ್ಕತ್ತಿನ ತಟ್ಟೆ ಮುಂದಿಡುತ್ತಾ ಹೇಳಿದರು. “ಅದು ಪಾಪದ್ದು. ಜಿರಳೆ ತಿನ್ತದೆ. ಅದೆಂತ ಬಿಳಿಯದ್ದು ಅಂತ ಕೇಳಿದ್ರೆ, ಮೊಟ್ಟೆ. ವರ್ಷ ವರ್ಷ ಇಡ್ತದೆ. ನಮ್ಮ ಅತ್ತೆಯ ಕಾಲದಿಂದ ಇಲ್ಲೇ ಉಂಟು.”

ನಾನು ಕರವಸ್ತ್ರ ಬಿಚ್ಚಿ ಬಾಟಲಿಯನ್ನು ಬಿಸ್ಕತ್ತಿನ ಪಕ್ಕ ಇಟ್ಟೆ.

ಬಿಯಾತ್ರಿಸ್ ಬಾಯಿ ಬಾಟಲಿ ನೋಡಿದರು. ಗೋಡೆ ನೋಡಿದರು. ಮತ್ತೆ ಬಾಟಲಿ. “ನಿಮ್ಮದು ಸ್ವಲ್ಪ ದೊಡ್ಡ ಉಂಟಲ್ಲ,” ಎಂದರು.

ಅವರ ಗಂಡ ಪೇಪರಿನ ಹಿಂದಿನಿಂದ, “ನಮ್ಮ ಮನೆಯ ಊಟ ತಿಂದು ಇದು ಬಡಕಲಾದದ್ದು,” ಎಂದರು. ಮೊದಲು ನಕ್ಕದ್ದು ನಮ್ಮವರು, ಕಾಲು ಇನ್ನೂ ಮೇಲಿಟ್ಟುಕೊಂಡೇ.

ನಮ್ಮ ಜಗಲಿಯ ಜೇಡವೇ ಖಾಲಿ ಪೆಟ್ಟಿಗೆ ಕಂಡು ಬಾಡಿಗೆಗೆ ಹೋಗಿ ಕುಳಿತಿರಬೇಕು. ನಾವು ಅದಕ್ಕೆ ವಿದೇಶಿ ಹೆಸರಿಟ್ಟೆವು. ಹೀಗೆ ಎಷ್ಟು ಸಲ ಆಗುತ್ತದೆ ನೋಡಿ: ಗೋಡೆಯ ಮೇಲಿದ್ದರೆ ಮನೆಯದ್ದು, ಪೆಟ್ಟಿಗೆಯಲ್ಲಿದ್ದರೆ ಯಮ. ಗುಂಪಿನಲ್ಲಿ ಮಾತ್ರ ಯಾರೂ ತಿದ್ದುಪಡಿ ಹಾಕಲಿಲ್ಲ. ಹೆದರಿಸಿದವರು ಅಷ್ಟು ಹೊತ್ತಿಗೆ ಹಲಸಿನ ಹಪ್ಪಳದ ಫೋಟೋಗೆ ಹೋಗಿದ್ದರು.

ಬಿಯಾತ್ರಿಸ್ ಬಾಯಿ ಪೂರ್ತಿ ಸೋಲಲಿಲ್ಲ. “ಆಯ್ತು, ವೈನ್ ಇರ್ಲಿ. ಆದರೆ ಎಲ್ಲರ ಎದುರು ಮೊದಲು ನೀವು ಕುಡಿಬೇಕು.”

ಮದುವೆಯ ದಿನ ಹಾಗೇ ಆಯಿತು. ಬ್ಯಾಂಡಿನವರು ನಿಲ್ಲಿಸಿದರು. ಇಡೀ ಸಭೆ ಗ್ಲಾಸು ಕೈಯಲ್ಲಿ ಹಿಡಿದು ಇವರೊಬ್ಬರನ್ನೇ ನೋಡುತ್ತಿತ್ತು. ವೇದಿಕೆಯ ಅಂಚಿನಲ್ಲಿ ನಿಂತು ಇವರು ಒಂದು ದೊಡ್ಡ ಗುಟುಕು ನುಂಗಿದರು. ಕಣ್ಣು ಮುಚ್ಚಿತು. ಮುಖ ಮುದುಡಿತು. ಹಿಂದಿನ ಸಾಲಿನಲ್ಲಿ ಯಾರೋ “ಜೇಸು” ಎಂದದ್ದು ನನಗೆ ಕೇಳಿಸಿತು.

ಶರಲ್ ಉದ್ದ ಬಿಳಿ ಉಡುಪನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಓಡಿ ಬಂದಳು. “ಡ್ಯಾಡಿ, ಎಂತಾಯ್ತು?”

“ಸಕ್ಕರೆ ಕಮ್ಮಿ ಆಯ್ತು, ಮಗಾ,” ಎಂದರು ಇವರು, ತಪ್ಪು ಮಾಡಿದವರ ಧ್ವನಿಯಲ್ಲಿ.

ಅವಳು ಅವರ ಕೈಯ ಗ್ಲಾಸನ್ನೇ ಕಸಿದು ಉಳಿದದ್ದನ್ನೆಲ್ಲ ಕುಡಿದಳು. ಅವಳ ಮುಖವೂ ಮುದುಡಿತು. “ಕಮ್ಮಿ ಅಲ್ಲ ಡ್ಯಾಡಿ, ನೀವು ಹಾಕ್ಲೇ ಇಲ್ಲ!” ಎಂದು ಅವರ ಕುತ್ತಿಗೆಗೆ ಜೋತುಬಿದ್ದು ನಕ್ಕಳು. ಬ್ಯಾಂಕಿನ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಸಭೆಯೆಲ್ಲ ಕುಡಿಯಿತು, ಸಭೆಯೆಲ್ಲ ಮುಖ ಹುಳಿ ಮಾಡಿತು. ಬಿಯಾತ್ರಿಸ್ ಬಾಯಿ ಎರಡು ಗ್ಲಾಸು ಕುಡಿದರೆಂದು ಅವರ ಗಂಡನೇ ಹೇಳಿದ್ದು.

ಅಲ್ಲಿಂದ ಮುಂದೆ ಪ್ರತಿ ಕ್ರಿಸ್ಮಸ್ಸಿಗೆ ವೈನ್ ಅವರದ್ದೇ, ಮೊದಲ ಗುಟುಕೂ ಅವರದ್ದೇ. ಅವರು ನುಂಗಿ ತಲೆಯಾಡಿಸುವ ತನಕ ನಾನು, ಶರಲ್ ಇಬ್ಬರೂ ಕಾಯುತ್ತಿದ್ದೆವು. ಸಕ್ಕರೆ ಹೆಚ್ಚಾದ ವರ್ಷ ಒಂದೂ ಇಲ್ಲ.

ಈ ಸಲ ವೈನ್ ಬೇಡವೆಂದಿದ್ದೆ. ಕೇಳದೆ ದ್ರಾಕ್ಷಿ ತಂದು ಹಾಕಿದವಳು ಶರಲ್. ಇವತ್ತು ಸಂಜೆ ಶಾಲೆ ಮುಗಿಸಿ ಬಂದು ಸೋಸುವ ಬಟ್ಟೆ ಹಿಡಿದಳು, ನಾನು ಸೋಸಿದೆ. ಎರಡು ಗ್ಲಾಸಿಗೆ ಹೊಯ್ದೆವು. ಇಬ್ಬರೂ ಕೈಯಲ್ಲಿ ಹಿಡಿದು ನಿಂತೆವು. ನಾವು ಏನನ್ನು ಕಾಯುತ್ತಿದ್ದೇವೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವಳು ಆಗಲೇ ತಿಳಿದಿದ್ದಳು, ನೆಲ ನೋಡುತ್ತಿದ್ದಳು.

ನಾನು ಕುಡಿದೆ. ಒಂದು ಗುಟುಕಲ್ಲ, ಅರ್ಧ ಗ್ಲಾಸು.

“ಹೇಗುಂಟು ಮಮ್ಮಿ?”

“ಯಾರೂ ಸಾಯ್ಲಿಕ್ಕಿಲ್ಲ,” ಎಂದೆ. “ಕುಡಿ.”