ಓಟಿಪಿ ಬಂತೇನ್ರಿ

ಬೆಳಗಾಗುವ ಮೊದಲು ರಾಜೇಶ್ವರಿ ಮಾಡಿ ಮುಗಿಸಬೇಕಾದ ಕೆಲಸಗಳು ಇವು. ನಳ ಬರುವ ದಿನವಾದರೆ ಪೈಪು ಹಚ್ಚಿ ಟಾಕಿ, ಹಂಡೆ, ಕೊಡ, ಬಕೆಟ್ಟು, ಕಡೆಗೆ ಚರಿಗೆಯನ್ನೂ ಬಿಡದೆ ತುಂಬುವುದು, ಬಾಗಿಲ ಮುಂದೆ ಕಸ ಹೊಡೆದು ರಂಗೋಲಿ ಹಾಕುವುದು, ಅತ್ತೆ ಕಾಳವ್ವನ ಜಳಕಕ್ಕೆ ನೀರು ಕಾಯಿಸಿ, ಅವರ ಮೊಣಕಾಲಿಗೆ ಎಣ್ಣೆ ತಿಕ್ಕುವುದು, ಗಂಡನ ಲಿಂಗಪೂಜೆಗೆ ಪತ್ರಿ, ಹೂವು, ವಿಭೂತಿ ಜೋಡಿಸಿಡುವುದು (ಪೂಜೆ ಅವನದು, ಜೋಡಣೆ ಇವಳದು, ಪುಣ್ಯ ಯಾರ ಖಾತೆಗೆ ಹೋಗುತ್ತದೆಂದು ಆ ಮನೆಯಲ್ಲಿ ಯಾರೂ ಕೇಳಿಲ್ಲ), ಹಾಲು ಉಕ್ಕದಂತೆ ನೋಡಿಕೊಳ್ಳುವುದು, ಎಸರಿಟ್ಟು ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವುದು, ಪಲ್ಲೆ ಹೆಚ್ಚುವುದು, ಮತ್ತು ಕ್ಯಾಲ್ಕುಲಸ್.

ಕೊನೆಯದನ್ನು ಅವಳು ಒಂದೇ ಕಿವಿಯಿಂದ ಕಲಿಯುತ್ತಿದ್ದಳು. ಎಡಗಿವಿಯಲ್ಲಿ ಇಯರ್‌ಫೋನು, ಅದರೊಳಗೆ ಎಲ್ಲೋ ದೂರದ ಊರಿನ ಪ್ರೊಫೆಸರರೊಬ್ಬರ ನಿಧಾನದ ಇಂಗ್ಲಿಷು. ಬಲಗಿವಿ ಕುಕ್ಕರಿನ ಸೀಟಿಗೆ, ಅತ್ತೆಯ ಕೆಮ್ಮಿಗೆ, ಹಾಲಿನವನ ಸೈಕಲ್ ಗಂಟೆಗೆ ಮೀಸಲು. ಪ್ರೊಫೆಸರರು ಬೋರ್ಡಿನ ಮೇಲೆ ವಕ್ರರೇಖೆ ಎಳೆದು, ಅದಕ್ಕೆ ಒಂದೇ ಬಿಂದುವಿನಲ್ಲಿ ತಾಗುವ ಗೆರೆಯನ್ನು ತೋರಿಸುವ ಹೊತ್ತಿಗೆ ತವೆಯ ಮೇಲಿನ ರೊಟ್ಟಿ ಉಬ್ಬುತ್ತಿತ್ತು. ಅವಳು ವಿಡಿಯೋ ನಿಲ್ಲಿಸಿ ರೊಟ್ಟಿ ಮಗುಚುತ್ತಿದ್ದಳು. ರೊಟ್ಟಿಯನ್ನು ನಿಲ್ಲಿಸಿ ವಿಡಿಯೋ ನೋಡುವ ಅನುಕೂಲ ಇನ್ನೂ ಯಾರೂ ಕಂಡುಹಿಡಿದಿಲ್ಲ.

ಪಿಯುಸಿಯಲ್ಲಿ ಗಣಿತಕ್ಕೆ ಕಾಲೇಜಿಗೇ ಮೊದಲಿಗಳಾಗಿದ್ದವಳು ರಾಜೇಶ್ವರಿ. ಧಾರವಾಡಕ್ಕೆ ಬಿಎಸ್ಸಿಗೆ ಕಳಿಸುತ್ತೇನೆಂದಿದ್ದ ಅಪ್ಪ, ಹತ್ತಿಕಾಳು ಹಿಂಡಿಯ ವ್ಯಾಪಾರದ ಕುಮಾರಸ್ವಾಮಿಯ ಮನೆತನ ಬಂದು ಕೇಳಿದ್ದೇ ತಡ, ಹಳೇ ಹುಬ್ಬಳ್ಳಿಗೆ ಕಳಿಸಿದ. ದಾರಿ ಅದೇ, ಬಸ್ಸು ಮಾತ್ರ ಬೇರೆ ದಿಕ್ಕಿನದು. ಇಪ್ಪತ್ತು ವರ್ಷದ ಮೇಲೆ ಮಗಳು ವಾಣಿಶ್ರೀ ಬೆಳಗಾವಿಯ ಹಾಸ್ಟೆಲಿಗೆ ಹೋಗುವಾಗ ತನ್ನ ಹಳೇ ಫೋನು ಬಿಟ್ಟುಹೋದಳು. "ಅವ್ವಾ, ಕಾಲೇಜಿನ ಗಣಿತಾ, ಸೈನ್ಸು ಎಲ್ಲಾ ಪುಕ್ಕಟ ಕಲಸ್ತಾರ ಆನ್‌ಲೈನ್‌ದಾಗ. ಕಡೀಕ ಪರೀಕ್ಷಾ ಕೊಟ್ರ ಸರ್ಟಿಫಿಕೇಟೂ ಕೊಡ್ತಾರ. ಬಿಎಸ್ಸಿ ಸೇರೂದಿದ್ರ ಅದನ್ನ ಹಿಡಿತಾರ ನೋಡು," ಎಂದಳು.

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದದ್ದರಿಂದ ಕುಮಾರಸ್ವಾಮಿ ತಾನೇ ಕೂತು ಖಾತೆ ತೆರೆದುಕೊಟ್ಟ. ಹೆಸರು ಎಂದಲ್ಲಿ ತನ್ನ ಹೆಸರು, ನಂಬರು ಎಂದಲ್ಲಿ ತನ್ನ ನಂಬರು. ಇದರಲ್ಲಿ ಮೋಸವೇನೂ ಇರಲಿಲ್ಲ. ಗ್ಯಾಸು ಅವನ ಹೆಸರಿಗಿತ್ತು, ಅವನು ಒಮ್ಮೆಯೂ ಒಲೆ ಹಚ್ಚಿದವನಲ್ಲ. ನಳದ ಬಿಲ್ಲು ಅವನ ಹೆಸರಿಗಿತ್ತು, ನೀರು ಬರುವ ವೇಳೆ ಅವನಿಗೆ ಗೊತ್ತಿರಲಿಲ್ಲ. ಅದೇ ಸಾಲಿನಲ್ಲಿ ಕ್ಯಾಲ್ಕುಲಸ್ಸೂ ಸೇರಿತು.

ತೊಡಕು ಒಂದೇ. ಪ್ರತಿ ಸಲ ಪಾಠದೊಳಗೆ ಹೋಗಬೇಕಾದರೂ ಓಟಿಪಿ ಬೇಕು, ಅದು ಅವನ ಫೋನಿಗೆ ಬರುತ್ತದೆ. ಬೆಳಗಿನ ಪಾಠಕ್ಕೆ ಮಲಗಿದವನ ತಲೆದಿಂಬಿನ ಪಕ್ಕದಿಂದ ನೋಡಿಕೊಳ್ಳಬಹುದು. ಮಧ್ಯಾಹ್ನದ ಪಾಠಕ್ಕೆ, ವಾರದ ಪರೀಕ್ಷೆಗೆ, ಮನೆಯ ಲ್ಯಾಂಡ್‌ಲೈನಿನಿಂದ ಅಂಗಡಿಗೇ ಮಾತಾಡಬೇಕು. ಮಗಳು ಬಿಟ್ಟುಹೋದ ಫೋನು ಮನೆಯ ವೈಫೈ ಮೇಲೆ ನಡೆಯುತ್ತಿತ್ತು, ಅದಕ್ಕೆ ಸಿಮ್ ಇರಲಿಲ್ಲ.

"ಓಟಿಪಿ ಬಂತೇನ್ರಿ?"

"ತಡಿ, ಗಿರಾಕಿ ಅದಾರ." ಹಿಂದಿನಿಂದ ಹಿಂಡಿಯ ಚೀಲ ಧೊಪ್ಪೆಂದು ಬೀಳುವ ಸದ್ದು. "ಹಾಂ, ಬರಕೋ."

ಅವನು ಅಂಕಿಗಳನ್ನು ಹರಾಜು ಕೂಗಿದಂತೆ ಕೂಗುತ್ತಿದ್ದ. ಎಮ್ಮೆಗೆ ಹತ್ತಿಕಾಳು ಒಯ್ಯಲು ಬಂದ ಹೆಬ್ಬಳ್ಳಿಯ ರೈತರಿಗೆಲ್ಲ ರಾಜೇಶ್ವರಿ ಯಾವಾಗ ಓದಲು ಕೂತಳೆಂಬುದು ಗೊತ್ತಾಗುತ್ತಿತ್ತು. ಒಂದೊಂದು ಪಾಠ ಮುಗಿದಾಗಲೂ 'ಪ್ರಿಯ ಕುಮಾರಸ್ವಾಮಿ, ಅಭಿನಂದನೆಗಳು' ಎಂಬ ಸಂದೇಶ ಅವನ ಫೋನಿಗೇ ಬರುತ್ತಿತ್ತು. ಮೊದಮೊದಲು ಅವನು ನಗುತ್ತಿದ್ದ. ಆಮೇಲೆ ಗಿರಾಕಿಗಳಿಗೆ ತೋರಿಸತೊಡಗಿದ. ಆಮೇಲೆ, "ಈ ವಾರ ಲಿಮಿಟ್ ಮುಗಿಸಿದಿವಿ," ಎನ್ನತೊಡಗಿದ. ಮನೆಗೆ ನೆಂಟರು ಬಂದಾಗ "ಹೋಳಿಗಿ ಮಾಡೇವಿ, ಉಂಡಹೋಗ್ರಿ" ಎನ್ನುವ ಬಾಯಿಗೆ ಅದೇನೂ ಕಷ್ಟವಾಗಲಿಲ್ಲ.

ಒಂದು ಬೆಳಿಗ್ಗೆ ಮೇಲಿನಿಂದ ಸುರಿದ ಉಸುಕು ಗೋಪುರದಂತೆ ರಾಶಿಯಾಗುವ ಲೆಕ್ಕ ಬಂತು. ಉಸುಕು ಒಂದೇ ಸಮ ಬೀಳುತ್ತಿದ್ದರೂ ರಾಶಿಯ ಎತ್ತರ ಮೊದಲು ಬೇಗ ಏರುತ್ತದೆ, ಬರಬರುತ್ತ ಏರುವುದೇ ಕಾಣದಷ್ಟು ನಿಧಾನವಾಗುತ್ತದೆ. ಯಾಕೆ, ಎಷ್ಟು ನಿಧಾನ ಎಂದು ಬಿಡಿಸಬೇಕು. ರಾಜೇಶ್ವರಿ ಅದನ್ನು ಹಿಟ್ಟಿನ ಕೈಯಲ್ಲೇ ಬಿಡಿಸಿದಳು. ಉತ್ತರ ಸರಿಬಂದಾಗ ಅದನ್ನೇ ಮೊದಲಿನಿಂದ ಇನ್ನೊಮ್ಮೆ ಬಿಡಿಸಿ ನೋಡಿದಳು. ರೊಟ್ಟಿ ಸೀದದ್ದು ಅವತ್ತು ಮಾತ್ರ. ಆ ಲೆಕ್ಕದಿಂದ ಯಾರ ಹೊಟ್ಟೆಯೂ ತುಂಬುವಂತಿರಲಿಲ್ಲ, ಯಾರ ಅರಿವೆಯೂ ಒಗೆದಾಗುವಂತಿರಲಿಲ್ಲ. ಅದಕ್ಕೇ ಅದು ಅವಳಿಗೆ ಅಷ್ಟು ಹಿತವಾಯಿತು.

ಊಟಕ್ಕೆ ಕೂತ ಗಂಡನಿಗೆ ಹೇಳಿದಳು. "ಅಂಗಡ್ಯಾಗ ಹತ್ತಿಕಾಳು ಸುರೀತೀರಲ್ರಿ, ಆ ರಾಶಿದೂ ಹಂಗ."

"ಅದಕ್ಕ ಲೆಕ್ಕ ಯಾಕ ಬೇಕು, ಹಮಾಲನ್ನ ಕೇಳಿದ್ರ ಹೇಳ್ತಾನ," ಎಂದ ಅವನು. "ಉಳ್ಳಾಗಡ್ಡಿ ಕೊಡು."

ಎರಡು ದಿನ ಕಳೆದ ಮೇಲೆ ಅಂಗಡಿಯಲ್ಲಿ ಅದೇ ರಾಶಿಯ ಮುಂದೆ ನಿಂತು, ತಮ್ಮ ಸಮಾಜದ ಸಂಘದ ಸೆಕ್ರೆಟರಿ ಗೋವಿಂದಪ್ಪನವರಿಗೆ ಅದೇ ಲೆಕ್ಕವನ್ನು ಅರ್ಧ ತಪ್ಪಾಗಿ, ಪೂರ್ತಿ ಧೈರ್ಯದಿಂದ ವಿವರಿಸಿದ. ಫೋನಿನಲ್ಲಿದ್ದ ಅಭಿನಂದನೆಗಳನ್ನೂ ತೋರಿಸಿದ. ಗೋವಿಂದಪ್ಪನವರು ಬೆರಗಾದರು. ಐವತ್ತರ ಅಂಚಿನಲ್ಲಿ, ಹಿಂಡಿ ತೂಗುತ್ತ ಉನ್ನತ ಗಣಿತ ಕಲಿತ ವ್ಯಾಪಾರಿ ಸಮಾಜದಲ್ಲಿ ಇನ್ನೊಬ್ಬರಿರಲಿಲ್ಲ. ವಾರ್ಷಿಕ ಸಭೆಯಲ್ಲಿ ಶಾಲು ಹೊದಿಸಿ ಸತ್ಕಾರ ಮಾಡುವುದೆಂದು ನಿಂತ ನಿಲುವಿನಲ್ಲೇ ಗೊತ್ತುಮಾಡಿದರು.

ಸುದ್ದಿಯನ್ನು ರಾಜೇಶ್ವರಿಗೆ ಮುಟ್ಟಿಸಿದವಳು ಎದುರುಮನೆಯ ಮದೀನಾಬಿ. ಓಣಿಯ ಕುಬಸಗಳೆಲ್ಲ ಅವಳ ಹೊಲಿಗೆ ಮಶೀನಿನ ಕೆಳಗೇ ಹಾದುಹೋಗುವುದರಿಂದ ಓಣಿಯ ಸುದ್ದಿಗಳೂ ಹಾಗೇ ಹಾದುಹೋಗುತ್ತಿದ್ದವು.

"ರಾಜಕ್ಕಾ, ನಿಮ್ಮ ಯಜಮಾನ್ರು ಭಾಳ ಓದಾಕತ್ತಾರಂತಲ್ರಿ?" ಎಂದಳು ಹಲ್ಲಿನಲ್ಲಿ ದಾರ ಕಡಿಯುತ್ತ.

"ಹೂಂ. ನಾ ರೊಟ್ಟಿ ಬಡಿಯೂ ಮುಂದ ಅವರು ಓದ್ತಾರ."

"ಯಾ ಅಲ್ಲಾ. ಗೊರಕಿ ನಮ್ಮ ಮನೀಗೂ ಕೇಳಸ್ತೈತಿ, ನಾ ಎದಕ್ಕೋ ಅನ್ಕೊಂಡಿದ್ದೆ." ಮದೀನಾಬಿ ಕುಬಸ ಮಡಚಿಟ್ಟಳು. "ಒಂದು ಮಾತು ಕೇಳ್ರಿ. ಮೊದಲು ನಿಮ್ಮದೊಂದು ಸಿಮ್ ತಗೋರಿ. ನನ್ನ ಮಶೀನಿನ ಚಾವಿ ನನ್ನ ಸೆರಗಿನ್ಯಾಗ ಇರ್ತೈತಿ ನೋಡ್ರಿ."

ರಾಜೇಶ್ವರಿ ಸಿಮ್ ತೆಗೆದುಕೊಂಡಳು. ಸಿಮ್ಮಿನಿಂದ ಏನೂ ಬದಲಾಗಲಿಲ್ಲ. ಖಾತೆಯ ಹೆಸರು ತಿದ್ದಬೇಕೆಂದರೂ, ನಂಬರು ಬದಲಿಸಬೇಕೆಂದರೂ ಹಳೆಯ ನಂಬರಿಗೇ ಓಟಿಪಿ ಹೋಗುತ್ತದೆ. ಕೋರ್ಸಿನವರು ಸ್ಪಷ್ಟವಾಗಿ ತಿಳಿಸಿದ್ದರು: ಪರೀಕ್ಷೆಯ ಕೇಂದ್ರದಲ್ಲಿ ಆಧಾರ್ ಕಾರ್ಡಿನ ಹೆಸರಿಗೂ ಖಾತೆಯ ಹೆಸರಿಗೂ ತಾಳೆ ಇರಬೇಕು, ತಿದ್ದುಪಡಿಗೆ ಭಾನುವಾರ ಸಂಜೆಯವರೆಗೆ ಅವಕಾಶ. ಅದು ದಾಟಿದರೆ ಪರೀಕ್ಷೆ ಬರೆಯುವವನು ಕುಮಾರಸ್ವಾಮಿಯೇ. ಅವಳು ಇನ್ನೊಂದು ಖಾತೆ ತೆರೆದು, ಮೊದಲ ಪಾಠದಿಂದ ಮತ್ತೆ ಶುರುಮಾಡಬೇಕು. ವಾರವಾರ ಪಡೆದ ಅಂಕಗಳೆಲ್ಲ ಅವನ ಹೆಸರಲ್ಲೇ ಉಳಿಯುತ್ತವೆ.

ಶನಿವಾರ, ಗಂಡ ಉಂಡು ಕೈತೊಳೆದಾಗ ಕೇಳಿದಳು. "ಖಾತೇದ ಹೆಸರು ನನ್ನದು ಮಾಡಬೇಕ್ರಿ. ನಾಳಿಗೆ ಕಡೀ ದಿನ. ಓಟಿಪಿ ಅಷ್ಟ ಹೇಳ್ರಿ."

ಕುಮಾರಸ್ವಾಮಿ ಎಲೆಅಡಕೆ ಹಾಕಿಕೊಳ್ಳುತ್ತ ವಿಚಾರಮಾಡಿದ. ಕೆಟ್ಟವನಲ್ಲ ಅವನು, ಕೆಟ್ಟವನಾಗಿದ್ದರೆ ಮಾತು ಲಗೂ ಮುಗಿಯುತ್ತಿತ್ತು. "ಮಂಗಳವಾರ ಸತ್ಕಾರ ಇಟ್ಟಾರಲಾ ಹುಚ್ಚಿ. ಈಗ ಹೆಸರು ಬದಲಾದ್ರ ಗೋವಿಂದಪ್ಪನವರ ಮುಂದ ನಂದೇನು ಉಳೀತು? ಕಲತೀಯಲ್ಲ ನೀ, ಕಲತದ್ದು ಯಾರರ ಕಸಗೊಂತಾರ? ಶಾಲು ನನಗ ಹೊಚ್ಚಿದ್ರೂ ಮನೀಗೇ ಬರ್ತೈತಿ. ಥಂಡಿ ದಿನಾ, ನೀನ ಹೊಚ್ಕೊ."

"ನಾ ಪರೀಕ್ಷಾ ಬರೀಬೇಕ್ರಿ."

"ಮುಂದಿನ ವರ್ಷ ಬರಿ. ಗಣಿತ ಎಲ್ಲಿ ಓಡಿಹೋಗ್ತೈತಿ?"

ಒಳಗಿನಿಂದ ಕಾಳವ್ವನ ದನಿ ಬಂತು. "ನಾಳಿಗೆ ಶೀಗಿ ಹುಣ್ಣಿವಿ ಐತಿ, ಖಬರ ಐತೇನವಾ? ಭೂಮಿತಾಯಿ ಬಸುರಿ. ಅಕೀ ಬಯಕಿ ಬಿಟ್ಟು ಇದೇನು ಹಚ್ಚೀರಿ?"

ಆ ರಾತ್ರಿ ಕುಮಾರಸ್ವಾಮಿಯ ಫೋನು ತಲೆದಿಂಬಿನ ಪಕ್ಕದಿಂದ ದಿಂಬಿನ ಕೆಳಗೆ ಹೋಯಿತು.

ಶೀಗಿ ಹುಣ್ಣಿಮೆಯ ದಿನ ಬೆಳೆ ಹೊತ್ತ ಹೊಲಕ್ಕೆ ಬಸುರಿಯ ಬಯಕೆಯ ಊಟ ಒಯ್ದು, ಬದುವಿನುದ್ದಕ್ಕೂ ಚರಗವೆಂದು ಚೆಲ್ಲುತ್ತಾರೆ. ಹೆಣ್ಣಿಗೆ ಬಯಕೆಗಳಿರುತ್ತವೆ ಎಂಬುದನ್ನು ಒಪ್ಪಿಕೊಂಡಿದ್ದ ಮನೆತನವೇ ಅದು, ಆ ಹೆಣ್ಣು ನಾಲ್ಕು ಎಕರೆ ಇರಬೇಕು, ಅಷ್ಟೆ. ಅವಳ ಬಯಕೆಗೆಂದು ರಾಜೇಶ್ವರಿ ನಸುಕಿಗೂ ಮುಂಚೆ ಎದ್ದು ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಬಡಿದಳು, ಶೇಂಗಾ ಹೋಳಿಗೆ ಮಾಡಿದಳು, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಲೆ, ಕಡಬು, ಬಾನ, ಮೊಸರು, ಕುಡಿಯಲು ಒಂದು ತಂಬಿಗೆ ಮಜ್ಜಿಗೆ. ಬುಟ್ಟಿ ಕಟ್ಟುವಾಗ ಕಾಳವ್ವ, "ಏನರ ಮರತೀ ಏನವಾ?" ಎಂದು ಕೇಳಿದರು. ಅವಳು ಇಲ್ಲವೆಂದಳು. ತನ್ನ ಫೋನನ್ನು ರೊಟ್ಟಿಯ ಬುಟ್ಟಿಯಲ್ಲಿ, ಅರಿವೆಯ ಪದರದ ನಡುವೆ ಇಟ್ಟಿದ್ದಳು.

ಹೆಬ್ಬಳ್ಳಿಯಲ್ಲಿದ್ದ ಅವರ ಹೊಲದಲ್ಲಿ ಜೋಳ ಮೊಣಕಾಲುದ್ದ ನಿಂತಿತ್ತು. ಬನ್ನಿ ಮರದ ಕೆಳಗೆ ಕಲ್ಲುಗಳನ್ನಿಟ್ಟು ಪೂಜೆಯಾಯಿತು. ಕುಮಾರಸ್ವಾಮಿ ಪಂಚೆ ಉಟ್ಟು ಅಂಗಿ ಕಳಚಿದ್ದ. ಪಂಚೆಗೆ ಕಿಸೆ ಇಲ್ಲ. ಫೋನು ತೆಗೆದು ಹೆಂಡತಿಯ ಕೈಗೆ ಕೊಟ್ಟ.

"ಹಿಡಿ. ಗೋವಿಂದಪ್ಪನವರ ಫೋನ್ ಬಂದ್ರ ಕೂಗು."

ಚರಗದ ಬುಟ್ಟಿ ಹೊತ್ತು ಅವನು ಹೊಲದ ಅಂಚಿಗೆ ನಡೆದ. ಹಿಂದೆ ಕಾಳವ್ವ ಕೋಲೂರುತ್ತ, ನೀರು ಚಿಮುಕಿಸುವ ತಂಬಿಗೆ ಹಿಡಿದು ಹೊರಟರು. ಅನ್ನ ಚೆಲ್ಲುತ್ತ ನಾಲ್ಕೂ ಬದುವು ಸುತ್ತಿ ಬರುವವರೆಗೆ ರಾಜೇಶ್ವರಿಯ ಕೆಲಸ ಎಲೆ ಹಾಸಿ ಊಟಕ್ಕೆ ಅಣಿಮಾಡುವುದು. ಹೊಲಕ್ಕೆ ಉಣ್ಣಿಸುವ ಗಂಡಸಿಗೆ ಉಣ್ಣಿಸುವ ಕೆಲಸ.

ಅವಳು ಎಲೆ ಹಾಸಲಿಲ್ಲ. ರೊಟ್ಟಿಯ ಅರಿವೆಯಿಂದ ತನ್ನ ಫೋನು ತೆಗೆದು ಖಾತೆ ತೆರೆಯಹೋದಳು. ಮಡಿಲಲ್ಲಿದ್ದ ಗಂಡನ ಫೋನು ಮಿಣುಕಿತು. ಬೀಗ ಹಾಕಿದ ಪರದೆಯ ಮೇಲೇ ಓಟಿಪಿ ನಿಂತಿತ್ತು, ಯಾರೂ ಕೂಗಿ ಹೇಳಬೇಕಾಗಿರಲಿಲ್ಲ. ಒಳಹೊಕ್ಕಳು. ಹೆಸರು ಎಂಬಲ್ಲಿ ಅವನದನ್ನು ಒಂದೊಂದೇ ಅಕ್ಷರ ಅಳಿಸಿ ರಾಜೇಶ್ವರಿ ಎಂದು ಬರೆದಳು. ನಂಬರು ಎಂಬಲ್ಲಿ ತನ್ನ ನಂಬರು. ಮತ್ತೊಂದು ಓಟಿಪಿ ಬೇಡಿತು. ಮಡಿಲು ಮತ್ತೆ ಮಿಣುಕಿತು.

ದೂರದ ಬದುವಿನಿಂದ ಗಂಡನ ದನಿ ಬಂತು. "ಏ ರಾಜೀ, ಮಜ್ಜಿಗಿ ತಗೊಂಬಾ. ಅವ್ವಗ ಸಾಕಾಗೇತಿ."

ಅಂಕಿಗಳನ್ನು ಒತ್ತಿ ಮುಗಿಸಿದ ಮೇಲೆ ಅವಳು ತಲೆಯೆತ್ತಿದಳು. ಅವಳ ಫೋನಿನಲ್ಲಿ ಹೆಸರು ಬದಲಾಗಿತ್ತು. ಅವನ ಫೋನಿನ ಪರದೆಯ ಮೇಲೆ ಒಂದರ ಕೆಳಗೊಂದು ಓಟಿಪಿಗಳು, ಅವುಗಳ ಕೆಳಗೆ ಕೋರ್ಸಿನವರ ಇನ್ನೊಂದು ಸಂದೇಶ: ನಿಮ್ಮ ಖಾತೆಯ ಹೆಸರೂ ನಂಬರೂ ಬದಲಾಗಿವೆ.

ಬೆರಳಿನಿಂದ ಪಕ್ಕಕ್ಕೆ ಸರಿಸಿದರೆ ಅವು ಕಣ್ಮರೆಯಾಗುತ್ತಿದ್ದವು. ಮಂಗಳವಾರ ಶಾಲು ಬೀಳುತ್ತಿತ್ತು, ಆಮೇಲೆ ಯಾವಾಗಲೋ ಗೊತ್ತಾಗುತ್ತಿತ್ತು, ಮನೆಯಲ್ಲಿ ಎರಡು ದಿನವಾದರೂ ಶಾಂತಿ ಇರುತ್ತಿತ್ತು. ಹುಳಿಯಾದ ಮಜ್ಜಿಗೆಗೆ ನೀರು ಬೆರೆಸಿ, ಸಾರಿಗೆ ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕಿ, ಅತ್ತೆಯ ಮಾತನ್ನು ಗಂಡನಿಗೂ ಗಂಡನ ಮಾತನ್ನು ಅತ್ತೆಗೂ ಸೋಸಿ ಮುಟ್ಟಿಸಿ, ಇಷ್ಟು ವರ್ಷ ಈ ಮನೆಯ ಶಾಂತಿಯನ್ನು ಮಾಡಿ ಬಡಿಸಿದವಳೂ ಅವಳೇ. ಅದು ನಸುಕಿನ ಕೆಲಸಗಳಲ್ಲಿ ಯಾರೂ ಎಣಿಸದ ಕೆಲಸ. ಬೆರಳು ಪರದೆಯ ಹತ್ತಿರ ಹೋಯಿತು.

"ಮಜ್ಜಿಗಿ," ಎಂದು ಮತ್ತೆ ಕೂಗಿದ ಗಂಡ.

ರಾಜೇಶ್ವರಿ ಬೆರಳು ಹಿಂದೆ ತೆಗೆದಳು. ಅವನ ಫೋನನ್ನು ಪರದೆ ಮೇಲಾಗಿ, ಅವನು ಬಂದು ಕೂರುವ ಜಾಗದಲ್ಲಿ, ಎಲೆ ಹಾಸಬೇಕಾದಲ್ಲಿ ಇಟ್ಟಳು. ಆಮೇಲೆ ಮಜ್ಜಿಗೆಯ ತಂಬಿಗೆ ಎತ್ತಿಕೊಂಡು ಅತ್ತೆಯಿದ್ದ ಬದುವಿನ ಕಡೆ ನಡೆದಳು.