ಎರಡು ಬೆರಳು ಹೆಚ್ಚಿಗೆ

ನನ್ನ ಅಣ್ಣ ದರ್ಜಿ. ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ಬೀದಿಗೆ ತೆರೆಯುವ ಬಾಗಿಲು, ಕಿಟಕಿಗೆ ಒತ್ತಿಕೊಂಡ ಹೊಲಿಗೆ ಯಂತ್ರ, ಯಾರೋ ಹೊಲಿಸಿ ಒಯ್ಯದೆ ಬಿಟ್ಟ ಒಂದು ಕೋಟು. ಅವನು ಹೊಲಿಯುತ್ತಾನೆ. ನಾನು ಗುಂಡಿ ಹಚ್ಚಿ, ಕಾಜ ಹಾಕಿ, ನೆಲದ ಚೂರುಬಟ್ಟೆ ಆಯ್ದು ಚೀಲಕ್ಕೆ ತುಂಬುತ್ತೇನೆ. ಅತ್ತಿಗೆ ತೀರಿಕೊಂಡ ಮೇಲೆ ಈ ಮನೆಗೆ ಬಂದವಳು ನಾನು. ಅಣ್ಣನ ಮಗಳನ್ನು ಬೆಳೆಸಿದ್ದು ನಾನೇ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅಣ್ಣನಿಗೊಂದು ಚಾಳಿ. ಯಾರಿಗೇ ಹೊಲಿಯಲಿ, ಮಡಿಕೆಯೊಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಡುತ್ತಾನೆ. ಮಕ್ಕಳು ಉದ್ದವಾಗುತ್ತಾರೆ, ದೊಡ್ಡವರು ಅಗಲವಾಗುತ್ತಾರೆ, ಬಿಚ್ಚಿಬಿಟ್ಟರೆ ಬಟ್ಟೆ ಇನ್ನಷ್ಟು ಕಾಲ ಬಾಳುತ್ತದೆ ಎಂಬುದು ಅವನ ವಾದ. ಸ್ವಂತ ಮಗಳಿಗಂತೂ ಅಳತೆಯನ್ನೇ ಹಿಗ್ಗಿಸಿ ಹೊಲಿಯುತ್ತಿದ್ದ. ಹೊಸದಿದ್ದಾಗ ಅವಳನ್ನು ಬಟ್ಟೆಯೊಳಗೆ ಹುಡುಕಬೇಕು. ಮೈಗೆ ಸರಿಯಾಗುವ ಹೊತ್ತಿಗೆ ಅದರ ಬಣ್ಣ ಹೋಗಿರುತ್ತಿತ್ತು. ಹೇಗಿದೆ ಎಂದು ಅಪ್ಪ ಕೇಳಿದರೆ "ಚೆನ್ನಾಗಿದೆ" ಎನ್ನುವಳು. ಅಪ್ಪನ ಮನಸ್ಸು ನೋಯಿಸಬಾರದೆಂದು ಅವಳಿಗೆ ಯಾರು ಕಲಿಸಿದರೋ, ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಸಿದ್ಧ ಉಡುಪಿನ ಕಾಲ ಬಂದು ನಮ್ಮ ಅಂಗಡಿಯಲ್ಲಿ ನೊಣ ಹೊಡೆಯುವಂತಾಯಿತು. ಹುಡುಗಿಗೆ ಹದಿನೇಳು ತುಂಬುತ್ತಲೇ ಔಷಧದ ಬಾಟಲಿ ತುಂಬುವ ಕಾರ್ಖಾನೆಗೆ ಸೇರಿದಳು. ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಿಂದ. ಹಾಗಿರುವಾಗ ಬೆಳಗಿನ ಮೊದಲ ಬಸ್ಸನ್ನೇ ನಿಲ್ಲಿಸಿಬಿಟ್ಟರು. ಸೈರನ್ ಆದ ಮೇಲೆ ಕಾರ್ಖಾನೆಯ ಗೇಟು ತೆರೆಯುವುದಿಲ್ಲ; ತಡವಾಗಿ ಬರುವವರ ಜಾಗಕ್ಕೆ ಹೊರಗೆ ಬೇಕಾದಷ್ಟು ಜನ ಕಾದು ನಿಂತಿರುತ್ತಾರೆ. ಸೈಕಲ್ ಇಲ್ಲದಿದ್ದರೆ ಅವಳಿಗೆ ಕೆಲಸವಿಲ್ಲ, ಅವಳಿಗೆ ಕೆಲಸವಿಲ್ಲದಿದ್ದರೆ ನಮ್ಮ ಒಲೆ ಉರಿಯುವುದಿಲ್ಲ.

ಹೊಸ ಸೈಕಲ್ ನಮ್ಮ ಕೈಗೆಟುಕುವ ಮಾತಲ್ಲ. ಬೀದಿಯ ಕೊನೆಯ ರಿಪೇರಿಯವನ ಹತ್ತಿರ ಬಿಡಿಭಾಗ ಆರಿಸಿ ಜೋಡಿಸಿಕೊಳ್ಳೋಣ ಎಂದ ಅಣ್ಣ. ಆ ರಿಪೇರಿಯವನನ್ನು ನಾವು ಕರೆಯುವುದು ಗ್ರೀಸು ಎಂದೇ. ಅವನು ಕುಡಿದಿಟ್ಟ ಲೋಟ ಎಷ್ಟು ತಿಕ್ಕಿದರೂ ಮೊದಲಿನಂತಾಗುವುದಿಲ್ಲ. ಮೂವರೂ ಹೋದೆವು. ಅಣ್ಣ ಆರಿಸಿದ ರೀತಿಯಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ದಾರಿ ಸಪಾಟಾಗಿದೆ, ಗೇರು ಬೇಡ ಎಂದ. ಚಕ್ರ ಹಳೆಯದಾದರೂ ಪರವಾಗಿಲ್ಲ, ಟೈರು ಹೊಸದೇ ಬೇಕು, ದಪ್ಪದ್ದೇ ಬೇಕು ಎಂದ. ಬ್ರೇಕಿನ ರಬ್ಬರನ್ನು ಉಗುರಿನಿಂದ ಒತ್ತಿ ನೋಡಿ ಎರಡು ಜೊತೆ ತಳ್ಳಿಹಾಕಿದ. ಪ್ಯಾಂಟು ಸಿಕ್ಕಿಕೊಳ್ಳದಂತೆ ಚೈನಿಗೊಂದು ಮುಚ್ಚಳ, ಕೆಸರಿಗೆ ಮಡ್‌ಗಾರ್ಡು, ಬುತ್ತಿ ಇಡಲು ಕ್ಯಾರಿಯರ್, ಕತ್ತಲಿಗೆ ದೀಪ. ನನಗೆ ಹೆಮ್ಮೆಯೇ ಆಯಿತು.

ಉಳಿದದ್ದು ಫ್ರೇಮು. ಗೋಡೆಗೆ ಎರಡು ತೂಗುಹಾಕಿದ್ದ, ಬೆಲೆ ಒಂದೇ. ಗ್ರೀಸು ಚಿಕ್ಕದನ್ನು ಇಳಿಸಿದ. ಅಣ್ಣ ದೊಡ್ಡದನ್ನು ತೋರಿಸಿದ.

"ಅದು ಎತ್ತರ ಆಗುತ್ತೆ," ಎಂದ ಗ್ರೀಸು. "ಸೀಟು ಪೂರ್ತಿ ಇಳಿಸಿದ್ರೂ ಅವಳ ಕಾಲು ನೆಲಕ್ಕೆ ಎಟುಕಲ್ಲ."

"ಪೆಡಲಿಗೆ ಎಟುಕುತ್ತಲ್ಲ, ಸಾಕು. ಇವಳಮ್ಮ ಇಪ್ಪತ್ತರವರೆಗೂ ಬೆಳೀತಾನೇ ಇದ್ಲು. ಇನ್ನೊಂದ್ಸಲ ತಗೊಳೋದು ನಮ್ಮ ಕೈಲಾಗಲ್ಲ."

"ಸೈಕಲ್ಲು ಅಂಗಿ ಅಲ್ಲಣ್ಣ, ಬೆಳೆದಾಗ ಬಿಚ್ಚಿಬಿಡೋಕೆ. ಇವತ್ತಿನ ಕಾಲಿಗೆ ಇವತ್ತೇ ಸರಿಯಾಗ್ಬೇಕು."

"ಅಳತೆ ವಿಷಯ ನನಗೆ ಹೇಳ್ಕೊಡೋಕೆ ಬರ್ಬೇಡ," ಎಂದ ಅಣ್ಣ.

ಜೋಡಿಸಿ ಮುಗಿದ ದಿನ ಅವಳನ್ನು ಹತ್ತಿಸಿದರು. ಅವಳು ಬಾಗಿಲ ಚೌಕಟ್ಟು ಹಿಡಿದು ಸೀಟಿನ ಮೇಲೆ ಕೂತಳು. ಎರಡು ಪಾದಗಳೂ ಗಾಳಿಯಲ್ಲಿ. ಹೇಗಿದೆ ಎಂದು ಅಣ್ಣ ಕೇಳಿದ.

"ಚೆನ್ನಾಗಿದೆ, ಅಪ್ಪ."

ಗ್ರೀಸು ನನ್ನ ಮುಖ ನೋಡಿದ. ಅಷ್ಟರಲ್ಲಿ ಅವಳು ಬೀದಿಯ ತಿರುವು ದಾಟಿದ್ದಳು.

ನಿಲ್ಲುವುದಕ್ಕೆ ಅವಳು ತನ್ನದೇ ಉಪಾಯ ಕಂಡುಕೊಂಡಿದ್ದಳು. ಅದು ನಮಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ. ಎಲ್ಲಿ ನಿಲ್ಲಬೇಕಾದರೂ ಎಡಕ್ಕೆ ಸರಿದು, ಫುಟ್‌ಪಾತಿನ ಅಂಚುಗಲ್ಲಿನ ಮೇಲೆ ಎಡಗಾಲಿಡುವುದು. ನೆಲ ಸಿಗದಿದ್ದರೂ ಕಲ್ಲು ಸಿಗುತ್ತಿತ್ತು. ಸಿಗ್ನಲ್ಲಿನ ಹತ್ತಿರ, ಔಷಧದಂಗಡಿಯ ಮುಂದೆ, ಸೇತುವೆಯ ತುದಿಯಲ್ಲಿ ಯಾವ ಕಲ್ಲು ಎಷ್ಟು ಎತ್ತರ ಎಂಬುದು ಅವಳ ಕಾಲಿಗೆ ಬಾಯಿಪಾಠವಾಗಿತ್ತು. ಅಪ್ಪನಿಗೆ ಹೇಳಲಿಲ್ಲ. ತಿಂಗಳುಗಟ್ಟಲೆ ಹಾಗೇ ಹೋಗಿಬಂದಳು, ಒಂದು ದಿನವೂ ತಡವಾಗಲಿಲ್ಲ.

ನೀರಿನ ಪೈಪು ಹಾಕುವವರು ಒಂದು ಸಂಜೆ, ಅವಳು ಕೆಲಸದಿಂದ ಬಂದ ಮೇಲೆ, ಸಿಗ್ನಲ್ಲಿನ ಹತ್ತಿರದ ಅಂಚುಗಲ್ಲುಗಳನ್ನು ಕಿತ್ತು ಕಾಲುವೆ ತೋಡಿ ಹೋಗಿದ್ದರು. ಅಡ್ಡಕ್ಕೆ ಒಂದು ಹಗ್ಗ ಕಟ್ಟಿದ್ದರಂತೆ, ಅದೂ ಜೋತು ನೆಲಕ್ಕೆ ಬಿದ್ದಿತ್ತು. ಮರುದಿನ ಅವಳು ಹೊರಟಾಗ ಬೆಳಕು ಇನ್ನೂ ಹರಿದಿರಲಿಲ್ಲ. ಅಣ್ಣ ಹಾಕಿಸಿದ ದೀಪ ಮುಂದಿನ ರಸ್ತೆಯನ್ನು ತೋರಿಸುತ್ತಿತ್ತು, ಪಕ್ಕವನ್ನಲ್ಲ. ಕೆಂಪು ದೀಪ ಬಂತು, ಅವಳು ಬ್ರೇಕು ಒತ್ತಿದಳು, ಎಡಕ್ಕೆ ಒರಗಿ ಕಲ್ಲಿನ ಮೇಲೆ ಕಾಲಿಟ್ಟಳು. ಕಲ್ಲು ಇರಲಿಲ್ಲ. ಅವಳು ಕೆಳಗೆ, ಅವಳ ಮೇಲೆ ಸೈಕಲ್.

ತೊಡೆಯ ಮೂಳೆ ಮುರಿದಿತ್ತು. ಮೊದಲ ಸಲ ಕೂಡಿಸಿದ್ದು ಸರಿಹೋಗದೆ ಮತ್ತೊಮ್ಮೆ ಬಿಚ್ಚಿ ಕೂಡಿಸಿದರು. ಆ ಹೊತ್ತಿಗೆ ಕಾರ್ಖಾನೆಯಲ್ಲಿ ಅವಳ ಜಾಗಕ್ಕೆ ಬೇರೆ ಹುಡುಗಿ ಬಂದಾಗಿತ್ತು.

"ಯಾಕಮ್ಮ ಹೇಳಲಿಲ್ಲ?" ಎಂದು ಹಾಸಿಗೆಯ ಪಕ್ಕ ಕೂತು ಅಣ್ಣ ಕೇಳಿದ.

"ನೀನು ಅಷ್ಟೆಲ್ಲ ನೋಡಿ ಆರಿಸಿದ್ದೆ," ಎಂದಳು. ಅವನನ್ನು ಹಿಡಿದು ಬೈಯಬೇಕೆಂದು ನಾನು ದಾರಿಯುದ್ದಕ್ಕೂ ಮಾತು ಕೂಡಿಟ್ಟುಕೊಂಡು ಬಂದಿದ್ದೆ. ಅವನ ಮುಖ ನೋಡಿದ ಮೇಲೆ ಕುಡಿಯಲು ನೀರು ತಂದುಕೊಟ್ಟೆ.

ಸೈಕಲ್ ಈಗ ಮೆಟ್ಟಿಲ ಕೆಳಗಿದೆ. ಅದಕ್ಕೇನೂ ಆಗಿಲ್ಲ, ಬ್ರೇಕು ಈಗಲೂ ಚೆನ್ನಾಗಿ ಹಿಡಿಯುತ್ತದೆ. ಹುಡುಗಿ ಆಮೇಲೆ ಒಂದು ಕೂದಲೆಳೆಯಷ್ಟೂ ಬೆಳೆಯಲಿಲ್ಲ. ಬೆಳೆಯುವುದಿರಲಿ, ಎಡಗಾಲು ಗಿಡ್ಡವಾಗಿಯೇ ಕೂಡಿಕೊಂಡಿತು.

ಹೋದ ವಾರ, ಕೂತು ಮಾಡುವ ಕೆಲಸ ಎಲ್ಲೋ ಇದೆಯಂತೆ, ಕೇಳಿ ಬರುತ್ತೇನೆ ಎಂದಳು. ಹಳೆಯ ಪ್ಯಾಂಟಿನ ಎಡಗಾಲು ನೆಲ ಗುಡಿಸುತ್ತದೆ, ಅದರಲ್ಲೇ ಎಡವುತ್ತಾಳೆ. ಅಣ್ಣ ಹೊಸದು ಹೊಲಿಯಲು ಕೂತ. ಎರಡು ಕಾಲಿನ ಅಳತೆಯನ್ನೂ ಬೇರೆಬೇರೆಯಾಗಿ ತೆಗೆದ. ಎಡಕ್ಕೆ ಎರಡು ಬೆರಳು ಕಡಿಮೆ. ಸೀಮೆಸುಣ್ಣದಿಂದ ಗೆರೆ ಎಳೆದು, ಕೈ ರೂಢಿಯಂತೆ ಹೆಚ್ಚಿನ ಬಟ್ಟೆಯನ್ನು ಒಳಕ್ಕೆ ಮಡಚಿ ಸೂಜಿ ಚುಚ್ಚಿದ.

"ಅದನ್ನ ಕತ್ತರಿಸಿಬಿಡು, ಅಪ್ಪ," ಎಂದಳು ಅವಳು. "ಮಡಚಿದ್ರೆ ಒಂದು ಕಡೆ ಭಾರ ಆಗುತ್ತೆ."

ಅಣ್ಣ ಸೂಜಿ ಕಿತ್ತು ಮಡಿಕೆ ಬಿಡಿಸಿದ. ಆಮೇಲೆ ಕತ್ತರಿಸಿದ. ಚೂರು ನನ್ನ ಕಾಲ ಹತ್ತಿರ ಬಿತ್ತು, ಬಗ್ಗಿ ಆಯ್ದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಹುಡುಗಿ ಪ್ಯಾಂಟು ಹಾಕಿಕೊಂಡು ಬಂದು ಯಂತ್ರದ ಮುಂದೆ ನಿಂತಳು. ಎರಡು ಕಾಲಿಗೂ ಸರಿಯಾಗಿ ಕೂತಿತ್ತು. ಅಣ್ಣ ತಲೆ ಎತ್ತಲಿಲ್ಲ. ಹೇಗಿದೆ ಎಂದು ಅವನು ಕೇಳಲಿ ಎಂದು ಅವಳು ಸ್ವಲ್ಪ ಹೊತ್ತು ಕಾದು, ಒಳಗೆ ಹೋದಳು.