ಹಲ್ಲಿ ಮೇಷ್ಟ್ರು

ಶಿರಾ ಗೇಟ್ ಬಳಿಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ರಜೆ ಬಂದರೆ ಗುಬ್ಬಿ, ಕುಣಿಗಲ್ ಕಡೆಯ ಬಂಡೆಗಳಿಗೆ ಹೋಗಿ ಹಲ್ಲಿ ಹಿಡಿದು, ಬಾಲದ ತುದಿಯನ್ನಷ್ಟೇ ಕತ್ತರಿಸಿಕೊಂಡು ಅಲ್ಲೇ ಬಿಟ್ಟು ಬರುತ್ತಿದ್ದರು. ಎರಡು ಕಡೆಯ ಹಲ್ಲಿಗಳೂ ಬೇರೆ ಬೇರೆ ಜಾತಿಯವೆಂದು ಅವರ ನಂಬಿಕೆ. ಡಿಎನ್‌ಎ ಪರೀಕ್ಷೆಯಿಂದ ಅದು ಖಚಿತವಾಗಬೇಕಿತ್ತು. ನನಗಂತೂ ಎರಡೂ ಒಂದೇ ಥರ ಕಾಣುತ್ತಿದ್ದವು.

"ಕಾಣೋದ್ ಬುಡಿ ಅಕ್ಕ, ಒಳಗೇನೈತೆ ನೋಡಣ," ಎಂದು ಕನ್ನಡಕವನ್ನು ಹಣೆಗೇರಿಸುತ್ತಿದ್ದರು. ಕಲ್ಲಂಗಡಿ ಕೊಳ್ಳುವಾಗಲೂ ಅದೇ ಮಾತು.

ಒಮ್ಮೆ ಅವರು ಪರೀಕ್ಷೆಗೆ ಕಳಿಸಲೆಂದು ಬಾಗಿಲ ಬಳಿ ಇಟ್ಟಿದ್ದ ಶೀಶೆಗಳು ನಮ್ಮ ಅತ್ತೆಯ ಕಣ್ಣಿಗೆ ಬಿದ್ದವು. ಹಲ್ಲಿಯ ಮೈಲಿಗೆ ಕಳೆಯಲೆಂದು ಅತ್ತೆ ಬಾಲಗಳನ್ನು ಚೆಲ್ಲಿ, ಶೀಶೆಗಳನ್ನು ಅರಿಶಿನದ ನೀರಿನಲ್ಲಿ ತೊಳೆದು ಬಿಸಿಲಿಗೆ ಇಟ್ಟರು. ಬೇಸಿಗೆಯೆಲ್ಲ ಅಲೆದು ತಂದದ್ದು ಚರಂಡಿ ಸೇರಿತ್ತು. ಮೇಷ್ಟ್ರು ಬಂದು ನೋಡಿ, ಮೆಟ್ಟಿಲ ಮೇಲೆ ಕುಳಿತು ಖಾಲಿ ಶೀಶೆಯೊಂದನ್ನು ಬೆಳಕಿಗೆ ಹಿಡಿದರು. ಆಮೇಲೆ, "ಚೆನ್ನಾಗ್ ತೊಳ್ದಿದೀರ ಅಜ್ಜಿ. ತುಂಬ್ಸಕ್ಕೂ ನೀವೇ ಬನ್ನಿ," ಎಂದರು.

ಅತ್ತೆ ನಿಜವಾಗಿಯೂ ಹೋದರು. ಬಂಡೆಯ ಮೇಲೆ ಕುಳಿತು ಶೀಶೆ ಹಿಡಿದರು. ಎರಡೂ ಬೇರೆ ಜಾತಿಯೆಂದು ಫಲಿತಾಂಶ ಬಂದಾಗ ಮೇಷ್ಟ್ರು ಮೊದಲು ಹೇಳಿದ್ದು ಅತ್ತೆಗೇ.

"ಹಂಗಾರೆ ಮೈಮೇಲ್ ಬಿದ್ರೆ ಶಕುನಾನೂ ಬೇರೆನಾ ಮೇಷ್ಟ್ರೇ?" ಎಂದು ಅತ್ತೆ ಕೇಳಿದರು. ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮೊನ್ನೆ ಅತ್ತೆಯ ಹೆಗಲ ಮೇಲೆ ಹಲ್ಲಿ ಬಿತ್ತು. ಸ್ನಾನಕ್ಕೆ ಓಡುವ ಬದಲು ಅವರು, "ಮೇಷ್ಟ್ರೇ, ಇದ್ಯಾವ ಜಾತೀದು?" ಎಂದು ಮಹಡಿಯ ಕಡೆ ಕೂಗಿಬಿಟ್ಟರು.